ಗಿಡ ಹತ್ತುವ ನೆಲಗಪ್ಪೆ

ಬೆಳಗಾವಿಯ ರವಿವಾರ ಪೇಟೆಗೆ ಕಿರಾಣಿ, ಕಾಳುಕಡಿಗೆಂದು ನಾವು ಖಾನಾಪುರ ಕಡೆಯವರು ಹೋಗುವುದುಂಟು. ಅಲ್ಲಿ ಬಯಲುಸೀಮೆಯ ರೈತರೊಬ್ಬರು ಕೇಳಿದರು: "ಕಾಕಾ, ನಿಮ್ಮ ಅಡವಿ ಕಡೆ ಗಿಡಾ ಹತ್ತೋ ಕಪ್ಪಿ ಅದಾವಂತಲ್ಲ, ಖರೇನ್ರಿ?"

ಗಿಡ ಹತ್ತುವ ಕಪ್ಪೆಗಳಿರುವುದು ಖರೇ. ಆದರೆ ಎಲ್ಲವೂ ಒಂದೇ ಜಾತಿಯಲ್ಲ. ನುಣುಪು ಮೈಯ ಮರಗಪ್ಪೆ ನೀರಿನ ಮೇಲೆ ಬಾಗಿದ ಟೊಂಗೆಗೆ ಬಿಳಿ ನೊರೆಯ ಗೂಡು ಕಟ್ಟುತ್ತದೆ. ಇದನ್ನು ನಮ್ಮಲ್ಲಿ ಬಹಳ ಜನ ನೋಡಿದ್ದಾರೆ.

ಅಪರೂಪದ್ದು ಇನ್ನೊಂದಿದೆ. ನಮ್ಮ ಅಂಗಳಕ್ಕೆ ಬರುವ ಒರಟು ಮೈಯ ನೆಲಗಪ್ಪೆಯ ಬಳಗದ್ದೇ, ಆದರೆ ವಾಸ ಮರದ ಮೇಲೆ, ಪೊಟರೆಯಲ್ಲಿ. ಹೆಸರು ಮಲಬಾರ್ ಮರ ನೆಲಗಪ್ಪೆ. ಉದ್ದ ಒಂದೂವರೆ ಅಂಗುಲದಷ್ಟು. ಮೈತುಂಬ ಸಣ್ಣ ಗಂಟು, ಪಕ್ಕೆಯುದ್ದಕ್ಕೂ ಬಿಳಿ ಪಟ್ಟೆ, ಹತ್ತಲು ಅನುಕೂಲವಾಗಿ ಬೆರಳತುದಿ ಅಗಲ. ಮುಂಗಾರು ಹಿಡಿದೊಡನೆ ಕಾಡಿನ ಹಳ್ಳಕ್ಕಿಳಿದು ನೀರಿನಲ್ಲೇ ಮೊಟ್ಟೆ ಇಡುತ್ತದೆ. ನೊರೆಗೂಡಿಲ್ಲ.

ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಇಲ್ಲ. ಬೋರ್ನಿಯೋ, ಸುಮಾತ್ರಾ ದ್ವೀಪಗಳ ಮರ ನೆಲಗಪ್ಪೆಗಳನ್ನು ಮೊದಲು ಇದರ ಕುಲಕ್ಕೇ ಸೇರಿಸಿದ್ದರು. 2016ರಲ್ಲಿ ವಿಜ್ಞಾನಿಗಳು ಅವುಗಳನ್ನು ಬೇರೆ ಕುಲ ಮಾಡಿದರು. ಅದೇ ವರ್ಷ ಅಂಡಮಾನಿನಲ್ಲಿ ಸುಮಾರು ಒಂದಂಗುಲದ ಇನ್ನೊಂದು ನೆಲಗಪ್ಪೆಗೆ ಹೆಸರಿಟ್ಟರು. ಅದೂ ರಾತ್ರಿ ಪೊದೆಯ ಎಲೆ ಮೇಲೆ ಕೂರುವ ಜಾತಿ.

ಇದರಲ್ಲಿ ರೈತನಿಗೇನು ಕೆಲಸ ಅನ್ನಬೇಡಿ. ಈ ಕಪ್ಪೆಗೆ ಮರವೂ ಬೇಕು, ಹಳ್ಳವೂ ಬೇಕು. ಎರಡರಲ್ಲಿ ಒಂದು ಹೋದರೂ ಸಂತತಿ ಮುಂದುವರಿಯದು. ಖಾನಾಪುರ ತಾಲೂಕಿನಲ್ಲಿ 2011ರಲ್ಲಿ ಭೀಮಗಡ ಅಭಯಾರಣ್ಯವಾಯಿತು, ಸರಿ. ಆದರೆ ಕಾಡಿನಿಂದ ಬರುವ ಹಳ್ಳ ನಮ್ಮ ಗದ್ದೆ, ಗೇರುತೋಟಗಳ ಬದಿಯಲ್ಲೇ ಹರಿಯುತ್ತದೆ. ಅಲ್ಲಿ ಕಾಯುವವರು ನಾವೇ.

ಮಾಡಬೇಕಾದ್ದು ದುಡ್ಡು ಬೇಡುವಂಥದ್ದಲ್ಲ. ಹಳ್ಳದ ದಂಡೆಯ ಮರ, ಪೊದೆ ಸವರಬೇಡಿ. ದಂಡೆ ಕುಸಿಯದಂತೆ ಮಣ್ಣು ಹಿಡಿಯುವುದೂ ಅವುಗಳ ಬೇರೇ. ಪೊಟರೆ ಬಿದ್ದ ಹಳೆ ಮರ ಸೌದೆಗೆಂದು ಉರುಳಿಸುವ ಮುನ್ನ ಎರಡು ಸಲ ಯೋಚಿಸಿ. ಔಷಧಿ ಹೊಡೆದ ಪಂಪನ್ನು ಹಳ್ಳದಲ್ಲಿ ತೊಳೆಯಲೇಬೇಡಿ. ಕಪ್ಪೆ ಚರ್ಮದಿಂದಲೂ ನೀರು, ಗಾಳಿ ಎಳೆದುಕೊಳ್ಳುವ ಪ್ರಾಣಿ, ವಿಷವೂ ಅದೇ ದಾರಿಯಲ್ಲಿ ಒಳಸೇರುತ್ತದೆ.

2014ರಲ್ಲಿ ಡಾ. ಕೆ.ವಿ. ಗುರುರಾಜ ಮತ್ತು ಸಂಗಡಿಗರು ಈ ಕಪ್ಪೆ ಕಂಡ ಜಾಗ, ಚಿತ್ರಗಳನ್ನು ಜನರಿಂದಲೇ ಕೂಡಿಸುವ ಕೆಲಸ ಹಮ್ಮಿಕೊಂಡಿದ್ದರು. ಮಳೆಗಾಲದ ರಾತ್ರಿ ಗದ್ದೆಗೆ ನೀರು ನೋಡಲು ಹೋಗುವವರು ನಾವಲ್ಲವೇ? ಕಂಡರೆ ಹಿಡಿಯಬೇಡಿ. ಒಂದು ಫೋಟೋ ತೆಗೆದು, ಊರು, ಹಳ್ಳ, ತಾರೀಕು ಬರೆದಿಟ್ಟು ಬಲ್ಲವರಿಗೆ ತೋರಿಸಿ.