ಲೆಕ್ಕಕ್ಕೆ ಸಿಗದ ಸಾವುಗಳು

2024ರ ಮೇ 24ರ ನಸುಕಿನಲ್ಲಿ, ಪಪುವಾ ನ್ಯೂಗಿನಿಯ ಎಂಗಾ ಪ್ರಾಂತ್ಯದ ಯಂಬಾಲಿ ಗ್ರಾಮದಲ್ಲಿ ನಿದ್ರಿಸುತ್ತಿದ್ದ ಜನರ ಮೇಲೆ ಗುಡ್ಡ ಕುಸಿದುಬಿತ್ತು. ಮಡಿದವರೆಷ್ಟು? ವಿಶ್ವಸಂಸ್ಥೆಯ ವಲಸೆ ಸಂಸ್ಥೆಯ ಅಂದಾಜು 670; ಮಣ್ಣಿನಡಿ ಸಿಲುಕಿದವರು ಎರಡು ಸಾವಿರಕ್ಕೂ ಹೆಚ್ಚು ಎಂದಿತು ಅಲ್ಲಿನ ಸರ್ಕಾರ. ಈ ಅಂತರವೇ ದುರಂತದ ಇನ್ನೊಂದು ಮುಖ.

ಕಡಿದಾದ ಬೆಟ್ಟ, ಬಿರುಮಳೆ, ಭೂಕಂಪ ಈ ಮಲೆನಾಡಿಗೆ ಹೊಸತಲ್ಲ. 2018ರ ಫೆಬ್ರುವರಿಯಲ್ಲಿ ಇದೇ ಪ್ರದೇಶದಲ್ಲಿ 7.5 ತೀವ್ರತೆಯ ಭೂಕಂಪ ನೂರಕ್ಕೂ ಹೆಚ್ಚು ಜನರನ್ನು ಬಲಿ ಪಡೆದಿತ್ತು. ಆದರೂ 2024ರಲ್ಲಿ ಯಂಬಾಲಿಯ ಜನ ತಮ್ಮವರಿಗಾಗಿ ಗುದ್ದಲಿ, ಕೋಲು, ಬರಿಗೈಗಳಿಂದ ಮಣ್ಣು ಬಗೆಯಬೇಕಾಯಿತು. ಪೋರ್ಗೆರಾ ಚಿನ್ನದ ಗಣಿಗೆ ಹೋಗುವ ಹೆದ್ದಾರಿಯೇ ಮುಚ್ಚಿಹೋಗಿತ್ತು. ದಾರಿಯುದ್ದಕ್ಕೂ ಬುಡಕಟ್ಟುಗಳ ಕಾಳಗದ ಭೀತಿಯಿತ್ತು. ಮೊದಲ ಮಣ್ಣು ಅಗೆಯುವ ಯಂತ್ರ ತಲುಪಿದ್ದು ಎರಡು ದಿನಗಳ ಬಳಿಕ. ಅದೂ ಸ್ಥಳೀಯ ಗುತ್ತಿಗೆದಾರರೊಬ್ಬರ ಔದಾರ್ಯದಿಂದ.

ಅಲ್ಲಿ ಅದಕ್ಕೆ ಮುನ್ನ ಜನಗಣತಿ ನಡೆದಿದ್ದು 2011ರಲ್ಲಿ. ಬುಡಕಟ್ಟು ಕಾಳಗಗಳಿಂದ ಓಡಿಬಂದವರೂ ಆ ಊರಿನಲ್ಲಿ ನೆಲೆಸಿದ್ದರು. ಯಾರು ಎಲ್ಲಿ ವಾಸಿಸುತ್ತಿದ್ದಾರೆಂಬುದನ್ನೇ ಅರಿಯದ ಆಡಳಿತ ಯಾರನ್ನು ಎಚ್ಚರಿಸೀತು, ಯಾರನ್ನು ಹುಡುಕೀತು?

ಭಾರತ ಆಗ 10 ಲಕ್ಷ ಡಾಲರ್ ನೆರವು ಘೋಷಿಸಿದ್ದು ಸ್ತುತ್ಯರ್ಹ. ಆದರೆ 2021ರಲ್ಲಿ ನಡೆಯಬೇಕಿದ್ದ ಜನಗಣತಿಯನ್ನು ನಾವೂ ಮುಂದೂಡಿದೆವು ಎಂಬುದನ್ನು ಮರೆಯಲಾಗದು. ವಿಪತ್ತು ನಿರ್ವಹಣೆ ಆರಂಭವಾಗುವುದು ಹೆಲಿಕಾಪ್ಟರ್‌ಗಳಿಂದಲ್ಲ, ಬೆಟ್ಟದಡಿಯ ಮನೆಗಳ ಪಟ್ಟಿಯಿಂದ. ಬದುಕಿದ್ದಾಗ ಲೆಕ್ಕಕ್ಕಿಲ್ಲದವರು ಸತ್ತ ಮೇಲೂ ಲೆಕ್ಕಕ್ಕೆ ಸಿಗುವುದಿಲ್ಲ.