ಇಥಿಯೋಪಿಯದ ಇಗರ್ಜಿಯ ವನಗಳು

ಭಕ್ತಿಯು ಮನುಷ್ಯನನ್ನು ಪರಲೋಕದ ಚಿಂತೆಗೆ ಹಚ್ಚಿ ಇಹದ ನೆಲಜಲಗಳ ವಿಷಯದಲ್ಲಿ ಉದಾಸೀನನನ್ನಾಗಿ ಮಾಡುತ್ತದೆಂಬ ಆಕ್ಷೇಪವನ್ನು ನಾವು ಆಗಾಗ ಕೇಳುತ್ತೇವೆ. ಈ ಮಾತು ಎಲ್ಲೆಡೆಯೂ ಸಲ್ಲದೆಂಬುದಕ್ಕೆ ಇಥಿಯೋಪಿಯ ದೇಶದ ಉತ್ತರದ ಪ್ರಸ್ಥಭೂಮಿಯು ಸಾಕ್ಷಿಯಾಗಿದೆ. ಭಕ್ತಿಯೊಂದೇ ಸಾಲದೆಂಬುದಕ್ಕೂ ಅದೇ ಸಾಕ್ಷಿಯಾಗಿರುವುದನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ.

ಹಿಂದೆ ಅಬಿಸೀನಿಯವೆಂದು ಕರೆಯಲ್ಪಡುತ್ತಿದ್ದ ಈ ದೇಶದಲ್ಲಿ ಕ್ರೈಸ್ತಮತವು 4ನೆಯ ಶತಮಾನದಲ್ಲಿಯೇ, ಅಕ್ಸುಮಿನ ಅರಸನಾದ ಎಜಾನನ ಕಾಲದಲ್ಲಿ, ರಾಜಾಶ್ರಯವನ್ನು ಪಡೆಯಿತು. ಅಲ್ಲಿಯ ತೆವಾಹೆದೊ ಸಂಪ್ರದಾಯದ ಪ್ರತಿಯೊಂದು ಇಗರ್ಜಿಯ ಗರ್ಭಗುಡಿಯಲ್ಲಿಯೂ ‘ತಾಬೊತ್’ ಎಂಬ ಪವಿತ್ರ ಫಲಕವಿರುತ್ತದೆ. ಅದರ ಪಾವಿತ್ರ್ಯವು ಗೋಡೆಗಳನ್ನು ದಾಟಿ ಸುತ್ತಲಿನ ಮರಗಳವರೆಗೂ ಹರಡಿದೆಯೆಂದು ಜನರು ನಂಬುತ್ತಾರೆ. ವೃಕ್ಷಗಳು ದೇವಾಲಯದ ಉಡುಪು ಎಂಬುದು ಅಲ್ಲಿಯ ಪಾದ್ರಿಗಳ ಭಾವನೆ. ಆದುದರಿಂದ ಇಗರ್ಜಿಯ ಕೆಲಸಕ್ಕೆ ಹೊರತು ಆ ಮರಗಳಿಗೆ ಕೊಡಲಿ ತಾಗಿಸಲು ಜನರು ಅಂಜುತ್ತಾರೆ. ಕೊಡಗಿನ ದೇವರಕಾಡನ್ನು ಕಂಡವರಿಗೆ ಈ ಅಂಜಿಕೆಯ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಈ ನಂಬಿಕೆಯ ಬೆಲೆ ಎಷ್ಟೆಂಬುದು ಸುತ್ತಲಿನ ನೆಲವನ್ನು ನೋಡಿದರೆ ತಿಳಿಯುತ್ತದೆ. ಶತಮಾನಗಳ ಬೇಸಾಯದಿಂದಲೂ ಸೌದೆಯ ಅಗತ್ಯದಿಂದಲೂ ಆ ಸೀಮೆಯ ಕಾಡು ಬಹುಮಟ್ಟಿಗೆ ಅಳಿದುಹೋಗಿದೆ. 1975ರಲ್ಲಿ ಸೈನಿಕ ಸರಕಾರವು ಗ್ರಾಮೀಣ ಭೂಮಿಯನ್ನೆಲ್ಲ ರಾಷ್ಟ್ರದ ಸೊತ್ತೆಂದು ಸಾರಿದಾಗ ಇಗರ್ಜಿಯು ತನ್ನ ವಿಶಾಲ ಹಿಡುವಳಿಗಳನ್ನು ಕಳೆದುಕೊಂಡಿತು. ಸುತ್ತಣ ವನಗಳು ಮಾತ್ರ ಉಳಿದವು. ಅಲ್ಲಿಯವರೇ ಆದ ಅರಣ್ಯಶಾಸ್ತ್ರಜ್ಞ ಅಲೆಮಾಯೆಹು ವಾಸ್ಸಿಯೆಯವರು ದಕ್ಷಿಣ ಗೊಂದರ್ ಪ್ರಾಂತದ 28 ಇಗರ್ಜಿಗಳ ವನಗಳನ್ನು ಪರೀಕ್ಷಿಸಿ 168 ಜಾತಿಯ ಮರ, ಪೊದೆ ಹಾಗೂ ಬಳ್ಳಿಗಳನ್ನು ಗುರುತಿಸಿದರು. ಈ ವನಗಳಲ್ಲಿ ಕೆಲವು ಎರಡು ಹೆಕ್ಟೇರನ್ನೂ ಮೀರವು. ನಾಡಿನ ಮೂಲ ವೃಕ್ಷಗಳ ಬೀಜ ಬೇಕಾದರೆ ಇಂದು ಇವುಗಳ ಬಾಗಿಲಿಗೇ ಹೋಗಬೇಕಾಗಿದೆ.

ಆದರೆ ಇಷ್ಟರಿಂದಲೇ ತೃಪ್ತರಾಗುವಂತಿಲ್ಲ. 1938ರಲ್ಲಿ ವಿಮಾನದಿಂದ ತೆಗೆದ ಚಿತ್ರಗಳೊಡನೆ ಹೋಲಿಸಿದಾಗ ಈ ವನಗಳ ವಿಸ್ತಾರವು ಹೆಚ್ಚು ಕುಗ್ಗಿಲ್ಲವೆಂದು ತಿಳಿದುಬಂದಿದೆ; ಕ್ಷಯವು ಒಳಗಡೆ ನಡೆದಿದೆ. ಮೇವಿಲ್ಲದ ದನಗಳು ವನದೊಳಕ್ಕೆ ನುಗ್ಗಿ ಸಸಿಗಳನ್ನು ಮೇಯುತ್ತವೆ, ತುಳಿಯುತ್ತವೆ. ನೇಗಿಲು ಅಂಚಿನವರೆಗೂ ಬಂದಿದೆ. ಬೇಗನೆ ಬೆಳೆದು ಹಣ ತರುವ ನೀಲಗಿರಿ ಮರಗಳು ಮೂಲ ವೃಕ್ಷಗಳ ನಡುವೆ ತಲೆಯೆತ್ತಿವೆ. ಕೊಡಲಿಗೆ ಅಂಜಿದ ಭಕ್ತನು ತನ್ನ ಹಸುವನ್ನು ತಡೆಯಲಿಲ್ಲ. ಹಿರಿಯ ಮರಗಳು ನಿಂತಿದ್ದರೂ ಅವುಗಳ ಸ್ಥಾನಕ್ಕೆ ಬರತಕ್ಕ ಮರಿಗಳಿಲ್ಲ. ಬೇಲಿ ಹಾಕಿ ದನಗಳನ್ನು ದೂರವಿಟ್ಟ ಕಡೆಗಳಲ್ಲಿ ಸಸಿಗಳು ಹೆಚ್ಚಾಗಿ ಬದುಕಿದುದನ್ನು ವಾಸ್ಸಿಯೆಯವರು ಪ್ರಯೋಗದಿಂದ ತೋರಿಸಿದರು.

ಮುಂದೆ ನಡೆದುದು ಗಮನಾರ್ಹವಾದುದು. ಅವರೂ ಅಮೆರಿಕದ ಸಸ್ಯವಿಜ್ಞಾನಿ ಮಾರ್ಗರೆಟ್ ಲೋಮನ್ ಅವರೂ ಪಾದ್ರಿಗಳನ್ನು ಕಂಡು, ಬೋಳು ನೆಲದ ನಡುವೆ ಹಸಿರು ಚುಕ್ಕೆಗಳಂತೆ ತೋರುವ ವನಗಳ ಆಕಾಶಚಿತ್ರಗಳನ್ನು ತೋರಿಸಿದರು. ಪಾದ್ರಿಗಳು ಒಪ್ಪಿದರು. ಊರವರು ಹೊಲಗಳಲ್ಲಿದ್ದ ಕಲ್ಲುಗಳನ್ನೇ ಆರಿಸಿ ತಂದು ವನಗಳ ಸುತ್ತ ಗೋಡೆ ಕಟ್ಟಿದರು. ವನಕ್ಕೆ ರಕ್ಷಣೆ ದೊರೆಯಿತು, ಹೊಲಕ್ಕೆ ಕಲ್ಲಿನ ಕಾಟ ತಪ್ಪಿತು. ಕೆಲವೆಡೆ ಕಾಡು ಹಬ್ಬಲೆಂದು ಗೋಡೆಯನ್ನು ಅಂಚಿನಿಂದಾಚೆಗೆ ಹಾಕಿದುದೂ ಉಂಟು. ಹಣದ ನೆರವು ಹೊರಗಿನಿಂದ ಬಂದಿತಾದರೂ ಬೆವರು ಊರಿನದೇ.

ಇದರಿಂದ ಎಲ್ಲವೂ ಸರಿಹೋಯಿತೆಂದು ನಾವು ಹೇಳುವುದಿಲ್ಲ. ಸಾವಿರಾರು ಇಗರ್ಜಿಗಳಲ್ಲಿ ಗೋಡೆ ಕಂಡವು ಕೆಲವೇ. ಗೋಡೆಯು ದನವನ್ನು ತಡೆದೀತೇ ಹೊರತು ಬಡತನವನ್ನು ತಡೆಯಲಾರದು. ಸೌದೆಗೂ ಮೇವಿಗೂ ಬೇರೆ ದಾರಿಯನ್ನು ಕಲ್ಪಿಸುವುದು ಸರಕಾರದ ಹೊಣೆ. ಆದರೂ ಪಂಡಿತನು ನಂಬಿಕೆಯನ್ನು ಹಳಿಯದೆ, ಪಾದ್ರಿಯು ಪಂಡಿತನನ್ನು ತಿರಸ್ಕರಿಸದೆ ಒಂದಾಗಿ ದುಡಿದ ಈ ಮಾರ್ಗವು ಸ್ತುತ್ಯವಾದುದು. ಅರಣ್ಯಸಂರಕ್ಷಣೆಯ ಭಾರವನ್ನು ಹೊತ್ತ ಅಧಿಕಾರಿಗಳು ಜನರ ಶ್ರದ್ಧೆಯನ್ನು ಮೌಢ್ಯವೆಂದು ಬದಿಗೆ ಸರಿಸುವ ಮೊದಲು, ಅದು ಈವರೆಗೆ ಏನನ್ನು ಉಳಿಸಿಕೊಟ್ಟಿದೆಯೆಂಬುದನ್ನು ಎಣಿಸಿ ನೋಡುವುದು ಒಳ್ಳೆಯದು.