ಮನಸ್ಸು ಗಟ್ಟಿ ಇದ್ದರೆ ಕೌನ್ಸೆಲಿಂಗ್ ಬೇಡವೇ?

“ಮನಸ್ಸು ಗಟ್ಟಿ ಇದ್ದವರಿಗೆ ಡಿಪ್ರೆಶನ್ ಬರಲ್ಲ. ನಾಲ್ಕು ದಿನ ಎಲ್ಲಾದರೂ ಸುತ್ತಾಡಿ ಬನ್ನಿ, ಸರಿಹೋಗುತ್ತೆ.” ಇಂತಹ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕಳಿಸಿದವರ ಉದ್ದೇಶ ಒಳ್ಳೆಯದೇ. ಆದರೆ ನಿಜವಾಗಿ ಒದ್ದಾಡುತ್ತಿರುವವರು ಇದನ್ನು ಓದಿದರೆ ‘ತಪ್ಪು ನನ್ನದೇ’ ಎಂದುಕೊಂಡು ಬಾಯಿ ಮುಚ್ಚಿಕೊಳ್ಳುತ್ತಾರೆ.

ಇದರಲ್ಲಿ ನಿಜವೆಷ್ಟು?

ಪರೀಕ್ಷೆಯಲ್ಲಿ ಫೇಲಾದಾಗ, ಕೆಲಸ ಹೋದಾಗ, ಮನೆಯಲ್ಲಿ ಸಾವಾದಾಗ ದುಃಖವಾಗುವುದು ಸಹಜ. ಅದು ಕಾಯಿಲೆಯಲ್ಲ. ಆಪ್ತರ ಮಾತು, ನಿದ್ದೆ, ದಿನದ ಕೆಲಸಗಳಿಂದ ಹೆಚ್ಚಿನವರು ನಿಧಾನವಾಗಿ ಚೇತರಿಸಿಕೊಳ್ಳುತ್ತಾರೆ. ಆದರೆ ಡಿಪ್ರೆಶನ್ ಹಾಗಲ್ಲ. ಅದು ಎಂಥ ಧೈರ್ಯವಂತರಿಗೂ ಬರಬಹುದು.

ಯಾವಾಗ ಹೋಗಬೇಕು?

ಈ ಮೂರು ಪ್ರಶ್ನೆ ಕೇಳಿಕೊಳ್ಳಿ.

1. ಎಷ್ಟು ದಿನದಿಂದ? ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಹೆಚ್ಚುಕಡಿಮೆ ಪ್ರತಿದಿನವೂ ಇದ್ದು 2 ವಾರ ದಾಟಿದೆಯೇ? ಡಿಪ್ರೆಶನ್ ಗುರುತಿಸಲು ವೈದ್ಯರು ನೋಡುವ ಅವಧಿ ಇದೇ.

2. ದಿನಚರಿ ಕೆಟ್ಟಿದೆಯೇ? ನಿದ್ದೆ, ಊಟ, ಓದು, ಅಡುಗೆ, ಆಫೀಸಿನ ಕೆಲಸ ಮೊದಲಿನಂತೆ ಆಗುತ್ತಿಲ್ಲವೇ? ಕುಡಿತ ಹೆಚ್ಚಾಗಿದೆಯೇ?

3. ಮೈಯಲ್ಲಿ ತೊಂದರೆಯೇ? ತಲೆನೋವು, ಎದೆ ಭಾರ, ಸುಸ್ತು ಇದೆ, ಆದರೆ ಪರೀಕ್ಷೆಗಳೆಲ್ಲ ನಾರ್ಮಲ್ ಎಂದು ಬರುತ್ತಿವೆಯೇ? ಮನಸ್ಸಿನ ನೋವು ಹೀಗೂ ಕಾಣಿಸಿಕೊಳ್ಳುತ್ತದೆ.

ಒಂದಕ್ಕೆ ಹೌದು ಎನಿಸಿದರೂ ಒಮ್ಮೆ ಮಾತಾಡಿ ನೋಡಿ. ‘ಸಾಯಬೇಕು’ ಎಂಬ ಯೋಚನೆ ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ. ಮನೆಯವರಲ್ಲಿ ಯಾರಾದರೂ ಹಾಗೆಂದರೆ ‘ನಾಟಕ’ ಎನ್ನಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ.

ಎಲ್ಲಿಗೆ ಹೋಗುವುದು?

ಆಪ್ತಸಮಾಲೋಚಕರು ಮಾತಿನ ಮೂಲಕ ನೆರವಾಗುತ್ತಾರೆ. ಮನೋವೈದ್ಯರು ಎಂಬಿಬಿಎಸ್ ಓದಿದ ವೈದ್ಯರು, ಅಗತ್ಯವಿದ್ದರೆ ಔಷಧಿ ಕೊಡುತ್ತಾರೆ. ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದಲೂ ಹೀಗಾಗಬಹುದು, ಅದಕ್ಕೇ ರಕ್ತಪರೀಕ್ಷೆ ಬರೆದುಕೊಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹೋಗಲು ಹಿಂಜರಿಕೆಯಾದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಜ್ವರ ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗುತ್ತೇವೆ, ನಮಗೆ ಗಟ್ಟಿತನ ಇಲ್ಲ ಎಂದು ಯಾರೂ ಹೇಳುವುದಿಲ್ಲ. ಇದೂ ಅಷ್ಟೇ. ಮುಂದಿನ ಸಲ ಆ ಮೆಸೇಜ್ ಗ್ರೂಪಿಗೆ ಬಂದರೆ ಜಗಳ ಬೇಡ, ಅದರ ಕೆಳಗೆ 14416 ಎಂದು ಬರೆದುಬಿಡಿ. ಗ್ರೂಪಿನಲ್ಲಿ ಸುಮ್ಮನಿರುವ ಯಾರಿಗೋ ಅದು ಬೇಕಾಗಿರಬಹುದು.